ನರ್ಸಮ್ಮನ ರಬ್ಬರ್ ಕೋಟು

ಮಳೆಯಲ್ಲಿ ಸೈಕಲ್ ತುಳಿಯುವ ಹೆಂಗಸು ಏನು ಹಾಕಿಕೊಳ್ಳಬೇಕು ಅನ್ನುವುದನ್ನು ನಮ್ಮ ಇಲಾಖೆ ಬಹಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿತ್ತು. ಬಿಳಿ ಸೀರೆ. ಬಿಸಿಲಿದ್ದರೂ ಬಿಳಿ ಸೀರೆ, ಜಡಿಮಳೆ ಸುರಿದರೂ ಬಿಳಿ ಸೀರೆ, ಮೊಣಕಾಲುದ್ದ ಕೆಸರಿದ್ದರೂ ಬಿಳಿ ಸೀರೆ. ನೀಲಿ ಅಂಚು ಇರಬೇಕು, ಗಂಜಿ ಹಾಕಿ ಇಸ್ತ್ರಿ ಮಾಡಿರಬೇಕು, ಹೆಗಲ ಮೇಲೆ ಪಿನ್ನು ಇರಬೇಕು. ಈ ತೀರ್ಮಾನ ಮಾಡಿದವರಲ್ಲಿ ಒಬ್ಬರೂ ಸೀರೆ ಉಟ್ಟವರಲ್ಲ, ಮಳೆಯಲ್ಲಿ ಸೈಕಲ್ ತುಳಿದವರೂ ಅಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ ದಾದಿಯರ ತರಬೇತಿಗೆ ನನ್ನನ್ನು ಕರೆದಿದ್ದರು, ಹಳಬರು ನಾಲ್ಕು ಮಾತಾಡಿ ಅಂತ. ಆಡಿದೆ. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಆಂಟಿ, ಮಳೆ ಬಂದ್ರೆ ಅಷ್ಟೊಂದು ಕಷ್ಟ ಯಾಕೆ ಪಟ್ರಿ? ರೇನ್‌ಕೋಟ್ ಹಾಕ್ಕೊಂಡು ಹೋಗ್ಬಹುದಿತ್ತಲ್ವಾ?"

ಪಾಪ, ಅವಳ ತಪ್ಪೇನೂ ಇಲ್ಲ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಏನೋ ತೊದಲಿ ಕೂತುಬಿಟ್ಟೆ. ಅವತ್ತು ಬಾಯಿಗೆ ಬಾರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಸನ್ಮಾನ ಯಾರು ಮಾಡಿದರು ಅನ್ನುವುದು ಇದರಲ್ಲಿ ಇಲ್ಲ. ಅವೆಲ್ಲ ಇದ್ದದ್ದೂ ಅಷ್ಟಕ್ಕಷ್ಟೆ.

ನಾನು ಸೇರಿದ್ದು ಎಪ್ಪತ್ತರ ದಶಕದ ನಡುವೆ, ಜಯನಗರದ ಅಂಚಿನಲ್ಲಿದ್ದ ಒಂದು ಸಣ್ಣ ಹೆರಿಗೆ ಕೇಂದ್ರಕ್ಕೆ. ಡಾಂಬರು ರಸ್ತೆ ನಮ್ಮ ಗೇಟಿನ ಹತ್ತಿರವೇ ಮುಗಿದುಹೋಗುತ್ತಿತ್ತು. ಅಲ್ಲಿಂದಾಚೆಗೆ ಮಾರೇನಹಳ್ಳಿ, ಸುದ್ದಗುಂಟೆಪಾಳ್ಯ, ತಾವರೆಕೆರೆ, ಬಿಳೇಕಹಳ್ಳಿ. ನಡುವೆ ರಾಗಿ ಹೊಲ, ಕೆರೆ ಏರಿ, ಇಟ್ಟಿಗೆ ಗೂಡು. ಬಸುರಿಯರನ್ನು ಮನೆಮನೆಗೆ ಹೋಗಿ ನೋಡುವುದು, ಚುಚ್ಚುಮದ್ದು ಹಾಕುವುದು, ಕೇಂದ್ರಕ್ಕೆ ಬರಲಾಗದವರಿಗೆ ಮನೆಯಲ್ಲೇ ಹೆರಿಗೆ ಮಾಡಿಸುವುದು ನಮ್ಮ ಕೆಲಸ. ನಾವು ಇಬ್ಬರಿದ್ದೆವು, ನಾನು ಮತ್ತು ರತ್ನ. ರತ್ನ ಸುದ್ದಗುಂಟೆಪಾಳ್ಯದವಳು, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಬಾಯಿ ತೆಗೆದರೆ ನಗು.

ಮೊದಲ ವರ್ಷ ನಡೆದೇ ತಿರುಗಿದೆವು. ಆಮೇಲೆ ಇಬ್ಬರಿಗೂ ಒಂದೊಂದು ಲೇಡೀಸ್ ಸೈಕಲ್ ಬಂತು. ನನಗೆ ತುಳಿಯಲು ಬರುತ್ತಿತ್ತು. ಬನಶಂಕರಿಯಲ್ಲಿ ನಮ್ಮ ಮನೆಯ ಮುಂದಿನ ರಸ್ತೆ ಖಾಲಿ ಹೊಡೆಯುತ್ತಿದ್ದ ಕಾಲದಲ್ಲಿ ನಮ್ಮಣ್ಣ ಕಲಿಸಿಕೊಟ್ಟಿದ್ದ. ರತ್ನನಿಗೆ ನಾನು ಕಲಿಸಿದೆ. ಸೈಕಲ್ ಬಂದಿತ್ತು, ಆದರೆ ಚೈನಿನ ಮೇಲೆ ಮುಚ್ಚಳ ಇರಲಿಲ್ಲ, ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಹಾಕುವ ಬಲೆಯೂ ಇರಲಿಲ್ಲ. ಅವೆಲ್ಲ ಮುಂದಿನ ಕಂತಿನಲ್ಲಿ ಬರುತ್ತವೆ ಅಂದರು. ಆ ಕಂತು ಇವತ್ತಿಗೂ ಬಂದಿಲ್ಲ.

ಜೂನ್ ತಿಂಗಳಲ್ಲಿ ಮಳೆಯ ಸಾಮಾನು ಹಂಚಿದರು. ಮಲೇರಿಯಾ ಪರೀಕ್ಷೆಗೆ ರಕ್ತ ತೆಗೆಯಲು ಹೋಗುತ್ತಿದ್ದ ಗಂಡಸರಿಗೆ ಒಬ್ಬೊಬ್ಬರಿಗೂ ಖಾಕಿ ರೇನ್‌ಕೋಟು, ಅದಕ್ಕೊಂದು ಟೊಪ್ಪಿ. ನಮಗೆ ಛತ್ರಿ. ನಾನು ಛತ್ರಿ ಹಿಡಿದುಕೊಂಡು ಸೀದಾ ಸೂಪರಿಂಟೆಂಡೆಂಟ್ ಹನುಮಂತರಾಯರ ಮೇಜಿನ ಮುಂದೆ ಹೋಗಿ ನಿಂತೆ. ಸಾಮಾನು ಕೊಡುವುದು, ಬಿಡುವುದು ಎಲ್ಲ ಅವರ ಕೈಯಲ್ಲೇ ಇತ್ತು.

"ಸಾರ್, ಒಂದು ಕೈಯಲ್ಲಿ ಛತ್ರಿ ಹಿಡಿದು ಸೈಕಲ್ ಹೇಗೆ ಹೊಡೆಯೋದು?"

ಅವರು ತಲೆಯನ್ನೇ ಎತ್ತಲಿಲ್ಲ. "ಸೈಕಲ್ ಕೊಟ್ಟಿರೋದು ಬಿಸಿಲಿಗೆ ಕಣಮ್ಮ. ಛತ್ರಿ ಕೊಟ್ಟಿರೋದು ಮಳೆಗೆ. ಮಳೆ ಬಂದಾಗ ಇಳಿದು, ಸೈಕಲ್ ತಳ್ಳಿಕೊಂಡು, ಛತ್ರಿ ಹಿಡ್ಕೊಂಡು ನಡೀರಿ."

"ಸೈಕಲ್ ತಳ್ಳೋಕೆ ಎರಡು ಕೈ ಬೇಕಲ್ಲ ಸಾರ್?"

"ತುಂಬ ಮಾತಾಡ್ತೀರಿ ನೀವು" ಅಂದರು.

ಮೊದಲ ದೊಡ್ಡ ಮಳೆ ಸಿಕ್ಕಿದ್ದು ಬನ್ನೇರುಘಟ್ಟ ರಸ್ತೆಯಲ್ಲಿ. ಛತ್ರಿ ಗಾಳಿಗೆ ಮಗುಚಿ, ಕಡ್ಡಿಗಳೆಲ್ಲ ಆಕಾಶ ನೋಡಿದವು. ಹತ್ತು ನಿಮಿಷದೊಳಗೆ ನಾನು ಪೂರ್ತಿ ಒದ್ದೆ. ಒದ್ದೆಯಾದ ಬಿಳಿ ಹತ್ತಿ ಸೀರೆ ಅಂದರೆ ಏನು ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಮೇಲೆ ಸೀರೆ ಇತ್ತು, ಇದ್ದೂ ಇರಲಿಲ್ಲ. ದಾರಿಯ ಟೀ ಅಂಗಡಿಯಲ್ಲಿ ಕೂತವರು ಲೋಟ ಕೆಳಗಿಟ್ಟು ನೋಡಿದರು. ಒಬ್ಬ ಶಿಳ್ಳೆ ಹಾಕಿದ. ಅವನ ಹೆಂಡತಿಯ ಹೆರಿಗೆ ಮಾಡಿಸಿ ಆಗಿನ್ನೂ ತಿಂಗಳು ಕಳೆದಿರಲಿಲ್ಲ. ನನ್ನನ್ನು ಗುರುತು ಹಿಡಿದ ಮೇಲೆ ತಲೆ ತಗ್ಗಿಸಿದ, ಅಷ್ಟೆ.

ಬಿಳೇಕಹಳ್ಳಿಯಲ್ಲಿ ಚೌಡಮ್ಮ ಅಂತ ಒಬ್ಬರಿದ್ದರು, ನಾಲ್ಕು ಹಸು ಕಟ್ಟಿಕೊಂಡು ಜಯನಗರಕ್ಕೆ ಹಾಲು ಹಾಕುತ್ತಿದ್ದ ಗಟ್ಟಿ ಹೆಂಗಸು. ನಾನು ಅವರ ಜಗುಲಿ ಹತ್ತಿದ ಕೂಡಲೇ ಒಳಗೆ ಎಳೆದುಕೊಂಡರು. "ಅಯ್ಯೋ ನರ್ಸಮ್ಮ, ಈ ವೇಷದಾಗೆ ಊರೊಳಗೆ ಬಂದ್ಯಾ? ನಿಮ್ ಸಾಹೇಬ್ರುಗೆ ಹೆಣ್ಮಕ್ಳಿಲ್ವಾ?" ಅಂತ ಬೈಯುತ್ತಲೇ ತಮ್ಮ ಒಂದು ಚೌಕಳಿ ಸೀರೆ ಕೊಟ್ಟರು. ಅದನ್ನು ಉಟ್ಟುಕೊಂಡೇ ಉಳಿದ ಮನೆಗಳನ್ನು ಮುಗಿಸಿ ಕೇಂದ್ರಕ್ಕೆ ಬಂದೆ.

ಬಾಗಿಲಲ್ಲಿ ಕಮಲಾಬಾಯಿ ನಿಂತಿದ್ದರು. ಅವರು ನಮ್ಮ ಮೇಲ್ವಿಚಾರಕಿ, ಐವತ್ತರ ಆಸುಪಾಸು. ಕಾಲು ಮುಂದಾಗಿ ಬರುವ ಮಗುವನ್ನು ಹೇಗೆ ಹಿಡಿಯಬೇಕು, ಯಾವಾಗ ಹಿಡಿಯಬಾರದು ಅಂತ ನನ್ನ ಕೈಮೇಲೆ ತಮ್ಮ ಕೈಯಿಟ್ಟು ಕಲಿಸಿದವರು ಅವರೇ. ಕೆಲಸದಲ್ಲಿ ಅಂಥವರನ್ನು ನಾನು ಆಮೇಲೆ ನೋಡಲಿಲ್ಲ. ಆದರೆ ಸೀರೆಯ ನಿರಿಗೆಯನ್ನು ಎಣಿಸುವ ಚಟ ಅವರಿಗಿತ್ತು.

"ಇದೇನು ಗಿರಿಜಾ, ಸಂತೆಗೆ ಹೋಗಿದ್ಯಾ?"

"ಒದ್ದೆಯಾಗಿದ್ದೆ ಮೇಡಂ."

"ಒದ್ದೆಯಾದ್ರೆ ಒಣಗುತ್ತೆ. ಯೂನಿಫಾರ್ಮ್ ಬಿಟ್ಟು ಊರೊಳಗೆ ಓಡಾಡಿದ್ರೆ ಮರ್ಯಾದೆ ಹೋಗುತ್ತೆ."

ನನ್ನ ಮರ್ಯಾದೆ ಹೋದದ್ದು ಎಲ್ಲಿ ಅಂತ ನನಗೆ ಗೊತ್ತಿತ್ತು. ಮೂರನೇ ದಿನ ಮೆಮೊ ಬಂತು: ಕರ್ತವ್ಯದ ವೇಳೆಯಲ್ಲಿ ಬಣ್ಣದ ಸೀರೆ ಧರಿಸಿದ ಬಗ್ಗೆ ವಿವರಣೆ ನೀಡುವುದು. ಮಳೆ ಬಂತು ಅಂತ ಬರೆದೆ. ವಿವರಣೆ ತೃಪ್ತಿಕರವಾಗಿಲ್ಲ ಅಂತ ತಿರುಗಿ ಬಂತು. ಮಳೆ ಬಂದದ್ದನ್ನು ಇನ್ನು ಹೇಗೆ ತೃಪ್ತಿಕರವಾಗಿ ಬರೆಯಬೇಕು ಅಂತ ನನಗೆ ಇವತ್ತಿಗೂ ತಿಳಿಯದು.

ಈಗ ಹೇಳುವುದು ನನ್ನ ತಪ್ಪಿನ ಸಂಗತಿ. ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಇದನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ.

ಮುಂದಿನ ವರ್ಷದ ಮಳೆಗಾಲ. ಒಂದು ಬೆಳಿಗ್ಗೆ ಚೌಡಮ್ಮನ ತಮ್ಮ ಕೇಂದ್ರಕ್ಕೆ ಓಡಿಬಂದ. ಚೌಡಮ್ಮನ ಮಗಳು ಜಯಾಗೆ ನೋವು ಶುರುವಾಗಿದೆ ಅಂದ. ಜಯಾ ಚೊಚ್ಚಲು ಬಸುರಿ. ಗಂಡನ ಊರಿಂದ ತವರಿಗೆ ಬಂದು ನಾಲ್ಕೇ ದಿನವಾಗಿತ್ತು. ಅಲ್ಲಿ ಅವಳಿಗೆ ಯಾರೂ ಧನುರ್ವಾಯುವಿನ ಚುಚ್ಚುಮದ್ದು ಹಾಕಿರಲಿಲ್ಲ. ಆ ವಾರ ಹೋಗಿ ಹಾಕಬೇಕು ಅಂತ ನಾನು ಗುರುತು ಹಾಕಿಕೊಂಡಿದ್ದೆ. ಅಷ್ಟರಲ್ಲಿ ನೋವು ಬಂದುಬಿಟ್ಟಿತ್ತು. ಆತನನ್ನು ಮುಂದೆ ಕಳಿಸಿ, ಹೆರಿಗೆ ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು ಹೊರಟೆ.

ಅರ್ಧ ದಾರಿಗೆ ಮಳೆ ಹಿಡಿಯಿತು. ರಸ್ತೆ ಪಕ್ಕ ಇಟ್ಟಿಗೆ ಗೂಡಿನದೊಂದು ಖಾಲಿ ಚಪ್ಪರ ಇತ್ತು. ಅದರೊಳಗೆ ನುಗ್ಗಿ ನಿಂತೆ. ಎದುರಿಗೆ, ರಸ್ತೆಯ ಆಚೆ, ಅದೇ ಟೀ ಅಂಗಡಿ. ಮಳೆಗೆ ಕೆಲಸ ನಿಲ್ಲಿಸಿದ ಗಂಡಸರೆಲ್ಲ ಅಲ್ಲಿ ಸೇರಿದ್ದರು, ಇಪ್ಪತ್ತು ಜನ ಇದ್ದಿರಬಹುದು. ನಾನು ಹೊರಟರೆ ಅವರೆಲ್ಲರ ಮುಂದೆಯೇ ಹೋಗಬೇಕು. ಹೋದ ವರ್ಷದ ಶಿಳ್ಳೆ ಕಿವಿಯಲ್ಲಿ ಹಾಗೇ ಇತ್ತು. ಚೊಚ್ಚಲು ಹೆರಿಗೆ, ಸಂಜೆಯವರೆಗೂ ಸಮಯವಿರುತ್ತದೆ, ಮಳೆ ಈಗ ನಿಲ್ಲುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಮಳೆ ನಿಲ್ಲಲಿಲ್ಲ. ಒಂದು ಗಂಟೆಯ ಮೇಲೆ ನಿಂತೆ. ನನಗೆ ಆಗ ಇಪ್ಪತ್ತಮೂರು ವರ್ಷ. ನಾಚಿಕೆಯಿಂದ ಕಾಲು ಕೀಳಲಾಗಲಿಲ್ಲ.

ನಾನು ಹೋಗುವ ಹೊತ್ತಿಗೆ ಜಯಾಗೆ ಹೆರಿಗೆ ಆಗಿತ್ತು. ಗಂಡು ಮಗು, ಚೆನ್ನಾಗಿ ಅಳುತ್ತಿತ್ತು. ಪಕ್ಕದ ಮನೆಯ ಅಜ್ಜಿ ಕೈಗೆ ಸಿಕ್ಕ ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು, ಅದರ ಮೇಲೆ ಒಲೆಯ ಬೂದಿ ಮೆತ್ತಿದ್ದರು. ನಾನು ಅದನ್ನೆಲ್ಲ ತೊಳೆದೆ, ಔಷಧಿ ಹಚ್ಚಿದೆ, ಹೊಸದಾಗಿ ಕಟ್ಟಿದೆ. ಆಗಬೇಕಾದ್ದು ಆಗಿಹೋಗಿತ್ತು.

ಏಳನೇ ದಿನ ಮಗು ಮೊಲೆ ಹಿಡಿಯುವುದು ಬಿಟ್ಟಿತು. ಚೌಡಮ್ಮ ಎತ್ತಿಕೊಂಡು ಕೇಂದ್ರಕ್ಕೆ ಬಂದಾಗ ದವಡೆ ಬಿಗಿದಿತ್ತು, ಯಾರಾದರೂ ಮುಟ್ಟಿದರೆ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ದಿನ ಇತ್ತು.

ಚೌಡಮ್ಮ ನನಗೆ ಒಂದು ಮಾತೂ ಬಿರುಸಾಗಿ ಆಡಲಿಲ್ಲ. "ಮಳೆ ಬಂತು, ನೀನೇನ್ ಮಾಡಾಕಾಯ್ತದೆ ನರ್ಸಮ್ಮ" ಅಂದರು. ನಾನು ಚಪ್ಪರದ ಕೆಳಗೆ ನಿಂತಿದ್ದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ನಾನೇ ಹೇಳಿದೆ. ಅವರು ಕೇಳಿಸಿಕೊಂಡು, ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.

ಆ ಮಗುವಿನ ವಿಷಯದಲ್ಲಿ ನನ್ನ ಪಾಲು ನನಗಿದೆ. ಅದನ್ನು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಆ ಒಂದು ಗಂಟೆ ನನ್ನನ್ನು ಅಲ್ಲಿ ನಿಲ್ಲಿಸಿದ ಸೀರೆಯನ್ನು ನಾನು ಆರಿಸಿಕೊಂಡಿರಲಿಲ್ಲ. ಗಂಡಸರ ಆ ಖಾಕಿ ಕೋಟು ಒಂದು ನನ್ನ ಮೈಮೇಲೆ ಇದ್ದಿದ್ದರೆ ಟೀ ಅಂಗಡಿಯ ಮುಂದೆ ಬೆಲ್ಲು ಹೊಡೆದುಕೊಂಡು ಹೋಗಿರುತ್ತಿದ್ದೆ. ನಮಗೂ ಆ ಕೋಟು ಕೊಡಿ ಅಂತ ಅರ್ಜಿ ಕೊಟ್ಟೆ. ಹನುಮಂತರಾಯರ ಉತ್ತರ ಒಂದು ಸಾಲು: ಮಹಿಳಾ ಸಿಬ್ಬಂದಿಗೆ ಛತ್ರಿ ನೀಡಲಾಗಿದೆ.

ಸರಿ, ಇನ್ನು ಕೇಳುವುದು ಬೇಡ ಅನ್ನಿಸಿತು.

ಹೆರಿಗೆ ಮೇಜಿನ ಮೇಲೆ ಹಾಸುವ ಕೆಂಪು ರಬ್ಬರ್ ಹಾಳೆಯನ್ನು ನಾವು ಮ್ಯಾಕಿಂಟಾಷ್ ಅನ್ನುತ್ತಿದ್ದೆವು. ಒಂದೊಂದು ಹಾಳೆಯೂ ಅಂಚು ಸೀಳಿತು, ಮೂಲೆ ಬಿರಿಯಿತು ಅಂದರೆ ಉಪಯೋಗಕ್ಕೆ ಬಾರದ್ದು ಅಂತ ಬರೆದು ಹಿತ್ತಲಿನ ಕೋಣೆಗೆ ಎಸೆಯುತ್ತಿದ್ದರು. ಮೇಲಿನಿಂದ ಯಾರೋ ಬಂದು ನೋಡಿ ಸುಡಿಸಬೇಕು ಅನ್ನುವುದು ನಿಯಮ. ಯಾರೂ ಬರುತ್ತಿರಲಿಲ್ಲ. ವರ್ಷಗಟ್ಟಲೆಯ ಹಾಳೆಗಳು ಅಲ್ಲಿ ಇಲಿ ಕಡಿದುಕೊಂಡು ಬಿದ್ದಿದ್ದವು. ಅದರಲ್ಲಿ ಗಟ್ಟಿಯಾಗಿದ್ದ ನಾಲ್ಕನ್ನು ಆರಿಸಿ, ಫಿನಾಯಿಲ್ ಹಾಕಿ ತಿಕ್ಕಿ ತೊಳೆದು, ಸೈಕಲ್ ಮೇಲೆ ಹೇರಿಕೊಂಡು ತಿಲಕನಗರಕ್ಕೆ ಹೋದೆ. ಅಲ್ಲಿ ರಹೀಂ ಸಾಬರು ಸ್ಕೂಟರ್ ಸೀಟು, ಆಟೋ ಟಾಪು ಹೊಲಿಯುತ್ತಿದ್ದರು. ಬಟ್ಟೆ ಹೊಲಿಯುವ ದರ್ಜಿಗಳ ಸೂಜಿ ರಬ್ಬರಿಗೆ ಇಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಕೋಟಾ? ನಾನು ಮನುಷ್ಯರಿಗೆ ಹೊಲ್ದೇ ಇಲ್ಲಮ್ಮ" ಅಂದರು.

"ಸೈಕಲ್ ಸೀಟಿನ ಮೇಲೆ ಕೂತಿರೋ ಒಂದು ಸಾಮಾನು ಅಂದ್ಕೊಂಡು ಹೊಲೀರಿ."

ಅವರು ನಕ್ಕು ಟೇಪು ತೆಗೆದರು. ನಾನು ಕೈ ಅಗಲಿಸಿ ನಿಂತೆ. "ಹಾಗಲ್ಲ, ಸೈಕಲ್ ಹತ್ತಿ ಕೂತ್ಕೊಳ್ಳಿ. ನಿಂತವರ ಅಳತೆ ಬೇರೆ, ಕೂತವರ ಅಳತೆ ಬೇರೆ" ಅಂದರು. ಗೋಡೆಗೆ ಸೈಕಲ್ ಒರಗಿಸಿ, ನಾನು ಹ್ಯಾಂಡಲ್ ಹಿಡಿದು ಕೂತೆ. ಅವರು ಬೆನ್ನು ಅಳೆದರು, ಹೆಗಲಿಂದ ಮುಂಗೈಯವರೆಗೆ ಅಳೆದರು, ಸೀಟಿನಿಂದ ಹಿಂಚಕ್ರಕ್ಕೆ ಎಷ್ಟು ಜಾಗವಿದೆ ಅಂತ ಅಳೆದರು. ನಮ್ಮ ಇಲಾಖೆಯಲ್ಲಿ ಅಷ್ಟು ವರ್ಷದಲ್ಲಿ ಒಬ್ಬನೂ ಮಾಡದ ಕೆಲಸವನ್ನು ಸ್ಕೂಟರ್ ಸೀಟು ಹೊಲಿಯುವವರು ಕಾಲು ಗಂಟೆಯಲ್ಲಿ ಮಾಡಿದರು.

ಹುಡುಗಿಯರೇ, ಇದನ್ನು ಗಮನವಿಟ್ಟು ಓದಿ, ನಿಮ್ಮ ಜಿಪ್ಪಿನ ಜಾಕೆಟ್ಟಿಗೂ ಇದು ಅನ್ವಯಿಸುತ್ತದೆ. ಹಿಂದುಗಡೆ ಸೀಟಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಚಕ್ರ ಎಳೆದುಕೊಳ್ಳುತ್ತದೆ. ಮುಂದುಗಡೆ ಮಾತ್ರ ಉದ್ದ ಬೇಕು, ಹ್ಯಾಂಡಲ್ ಮೇಲೆ ಹೊದಿಸುವಷ್ಟು. ಅಂಚಿನ ಒಳಗೆ ಎರಡು ಕುಣಿಕೆ ಇಟ್ಟು ಹೆಬ್ಬೆರಳು ತೂರಿಸಿಕೊಂಡರೆ ಗಾಳಿಗೆ ಮುಖಕ್ಕೆ ಹೊಡೆಯುವುದಿಲ್ಲ. ಕಂಕುಳಲ್ಲಿ ತೂತು ಬಿಡಬೇಕು, ಇಲ್ಲದಿದ್ದರೆ ಮಳೆಯಲ್ಲಿ ನೆನೆಯುವುದರ ಬದಲು ಬೆವರಿನಲ್ಲಿ ನೆನೆಯುತ್ತೀರಿ. ತಲೆಗೆ ದೊಡ್ಡ ಮುಸುಕು ಬೇಡ. ಮುಸುಕು ಹಾಕಿ ಕತ್ತು ತಿರುಗಿಸಿದರೆ ಮುಸುಕಿನ ಒಳಗೋಡೆ ಕಾಣುತ್ತದೆ, ಹಿಂದೆ ಬರುವ ಬಸ್ಸು ಕಾಣುವುದಿಲ್ಲ. ತಲೆಗೆ ಬಿಗಿಯಾಗಿ ಕೂರುವ ಟೊಪ್ಪಿ ಸಾಕು. ಕಾಲಿಗೆ ರಬ್ಬರ್ ಚಪ್ಪಲಿ, ಹಿಂಬದಿ ಪಟ್ಟಿ ಇರುವಂಥದ್ದು. ಇನ್ನು ಸೀರೆ. ಸೀರೆಯನ್ನು ಉಡಲೇಬೇಡಿ. ನಾನು ನಮ್ಮಣ್ಣನ ಹಳೆಯ ಪ್ಯಾಂಟನ್ನು ಕತ್ತರಿಸಿ ಹಾಕಿಕೊಂಡೆ. ಬಿಳಿ ಸೀರೆಯನ್ನು ಮಡಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟೆ. ಯಾವ ಮನೆಗೆ ಹೋದರೂ ಐದು ನಿಮಿಷದಲ್ಲಿ ಉಟ್ಟುಕೊಂಡು, ಒಣಗಿದ, ಚೊಕ್ಕಟವಾದ ನರ್ಸಮ್ಮನಾಗಿ ಬಾಣಂತಿಯ ಮುಂದೆ ನಿಲ್ಲುತ್ತಿದ್ದೆ.

ರಹೀಂ ಸಾಬರು ಎರಡು ಕೋಟು ಹೊಲಿದರು, ನನಗೊಂದು, ರತ್ನನಿಗೊಂದು. ಕಡುಗೆಂಪು ಬಣ್ಣ, ಫಿನಾಯಿಲ್ ವಾಸನೆ, ಹಾಕಿಕೊಂಡರೆ ಆಟೋ ಟಾಪೇ ಸೈಕಲ್ ತುಳಿದ ಹಾಗೆ ಕಾಣುತ್ತಿತ್ತು. ಮೊದಲ ದಿನ ಟೀ ಅಂಗಡಿಯವರು ಬಿದ್ದು ಬಿದ್ದು ನಕ್ಕರು. ನಗಲಿ. ಬೇರೆ ಥರ ನೋಡುವುದಕ್ಕಿಂತ ನಗುವುದು ಎಷ್ಟೋ ಮೇಲು. ರತ್ನ ಅವರ ಮುಂದೆ ಬೇಕೆಂದೇ ನಿಧಾನವಾಗಿ ಹೋಗಿ, "ಏನ್ ಗುರು, ಟಿಕೆಟ್ ತಗೊಂಡಿದ್ದೀಯಾ?" ಅಂತ ಕೇಳಿ ಬರುತ್ತಿದ್ದಳು. ಒಂದು ಇಡೀ ಮಳೆಗಾಲ ನಾವಿಬ್ಬರೂ ಒಂದು ಮನೆಯನ್ನೂ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಅಷ್ಟು ಮನೆ ಹೇಗೆ ಮುಗಿಸಿದಿರಿ ಅಂತ ಕಮಲಾಬಾಯಿಯವರೇ ಆಶ್ಚರ್ಯಪಟ್ಟರು. ನಾವು ಕೋಟನ್ನು ಗೇಟಿನ ಹೊರಗೇ ಬಿಚ್ಚಿ, ಮರೆಯಲ್ಲಿ ಸೀರೆ ಉಟ್ಟು ಒಳಗೆ ಬರುತ್ತಿದ್ದೆವು.

ಮುಂದಿನ ವರ್ಷ ಸಿಕ್ಕಿಬಿದ್ದೆವು. ಮಲೇರಿಯಾ ವಿಭಾಗದ ಒಬ್ಬ ಹೋಗಿ ಹನುಮಂತರಾಯರ ಕಿವಿಗೆ ಹಾಕಿದ. ಖಾಕಿ ಕೋಟು ಹಾಕಿಕೊಂಡು ಬೆಚ್ಚಗಿದ್ದವನಿಗೆ ನಮ್ಮ ರಬ್ಬರ್ ಹಾಳೆ ಯಾಕೆ ಕಣ್ಣು ಕುಕ್ಕಿತೋ ತಿಳಿಯದು. ರಾಯರು ಗೇಟಿಗೇ ಬಂದು ನಿಂತರು.

"ಇದು ಯಾರಪ್ಪನ ಸ್ವತ್ತು?"

"ಸುಡೋಕೆ ಇಟ್ಟಿದ್ದು ಸಾರ್."

"ಸುಡೋದು ಸರ್ಕಾರ. ನೀವಲ್ಲ."

ಎರಡೂ ಕೋಟುಗಳನ್ನು ಕಿತ್ತುಕೊಂಡು, ಸಾಕ್ಷ್ಯ ಅಂತ ಚೀಟಿ ಅಂಟಿಸಿ, ಕಮಲಾಬಾಯಿಯವರ ಕೋಣೆಯ ಬೀರುವಿನಲ್ಲಿ ಇಡಿಸಿದರು. ನನ್ನ ಮೇಲೆ ಎರಡು ಆರೋಪ: ಸರ್ಕಾರಿ ಸ್ವತ್ತನ್ನು ಕತ್ತರಿಸಿದ್ದು, ಸಮವಸ್ತ್ರ ಬಿಟ್ಟು ಪ್ಯಾಂಟು ಧರಿಸಿದ್ದು. ವಿಚಾರಣೆಗೆ ದಿನ ಗೊತ್ತಾಯಿತು. ರತ್ನನಿಗೆ ನಾನೇ ಕೊಟ್ಟದ್ದು ಅಂತ ಬರೆದುಕೊಟ್ಟೆ, ಅವಳನ್ನು ಬಿಟ್ಟರು.

ವಿಚಾರಣೆಗೆ ಇನ್ನೂ ಒಂದು ವಾರವಿರುವಾಗ ಬೆಳಿಗ್ಗೆಯೇ ಮಳೆ ಶುರುವಾಯಿತು. ರತ್ನನಿಗೆ ಸಾರಕ್ಕಿ ಕಡೆ ಹೋಗುವುದಿತ್ತು. ಅವಳು ಕಮಲಾಬಾಯಿಯವರ ಬಾಗಿಲಲ್ಲಿ ನಿಂತು ಕೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ.

"ಮೇಡಂ, ಇವತ್ತೊಂದಿನ ಕೋಟು ಕೊಡಿ. ಸಂಜೆ ತಂದು ಅಲ್ಲೇ ಇಟ್ಟುಬಿಡ್ತೀನಿ."

"ವಿಚಾರಣೆ ಮುಗೀಲಿ ರತ್ನ."

"ಸಿಕ್ಕಾಪಟ್ಟೆ ಮಳೆ ಮೇಡಂ."

"ನಾನೇನು ಮಾಡ್ಲಿ? ಸೀರೆ ಎತ್ತಿ ಕಟ್ಕೊಂಡು ಹೋಗು."

ರತ್ನ ಸೀರೆ ಎತ್ತಿ ಕಟ್ಟಿಕೊಂಡು ಹೋದಳು. ರಾಗಿಗುಡ್ಡದ ಪಕ್ಕದ ಇಳಿಜಾರಿನಲ್ಲಿ, ಒದ್ದೆಯಾಗಿ ಜೋತುಬಿದ್ದ ನಿರಿಗೆ ಚೈನಿಗೆ ಸಿಕ್ಕಿಕೊಂಡಿತು. ಸೈಕಲ್ ನಿಂತಿತು, ಅವಳು ನಿಲ್ಲಲಿಲ್ಲ. ಜಲ್ಲಿ ರಾಶಿಯ ಮೇಲೆ ಬಲಗೈ ಊರಿ ಬಿದ್ದಳು. ಮೊಣಕೈ, ಮುಂಗೈ ಎರಡೂ ಮುರಿಯಿತು. ಸೀರೆ ಅರ್ಧ ಚೈನಿನಲ್ಲಿ, ಅರ್ಧ ಮೈಮೇಲೆ. ಯಾರೋ ಕಲ್ಲುಕುಟಿಗರ ಹೆಂಗಸರು ಗೋಣಿಚೀಲ ಹೊದಿಸಿ, ಎತ್ತಿನ ಗಾಡಿಯಲ್ಲಿ ಕರೆತಂದರು.

ಕೈ ಕೂಡಿತು, ಸೊಟ್ಟಗೆ ಕೂಡಿತು. ಆಮೇಲೆ ಅವಳಿಗೆ ಒಂದು ಮಗುವನ್ನು ಎರಡು ಕೈಯಲ್ಲಿ ಹಿಡಿಯಲು ಆಗಲಿಲ್ಲ. ಎಂಥ ಕೈ ಅದು! ಎಷ್ಟು ಸಲೀಸಾಗಿ ಹೊಕ್ಕುಳು ಕಟ್ಟುತ್ತಿತ್ತು! ಅವಳನ್ನು ಚೀಟಿ ಬರೆಯುವ ಕಿಟಕಿಯ ಹಿಂದೆ ಕೂರಿಸಿದರು. ಎಡಗೈಯಲ್ಲಿ ಬರೆಯುವುದನ್ನು ಕಲಿತಳು. ಅಪಘಾತದ ವರದಿಯನ್ನು ಹನುಮಂತರಾಯರೇ ಬರೆದರು. ಕಾರಣ ಅನ್ನುವ ಕಡೆ ಹೀಗಿತ್ತು: ಸೀರೆಯನ್ನು ಸರಿಯಾಗಿ ಉಡದ ಅಜಾಗರೂಕತೆ.

ರತ್ನ ಅದನ್ನು ಓದಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಹನ್ನೆರಡು ವರ್ಷದೋಳಿಂದ ಸೀರೆ ಉಡ್ತಿದ್ದೀನಿ ಗಿರಿಜಾ. ನಂಗೆ ಸೀರೆ ಉಡೋಕೆ ಬರಲ್ಲ ಅಂತ ಆ ಗಂಡಸು ಬರೆದಿದ್ದಾನೆ" ಅಂದಳು.

ವಿಚಾರಣೆ ನಡೆದದ್ದು ಡಾಕ್ಟರ ಕೋಣೆಯಲ್ಲಿ. ನಮ್ಮ ಕೇಂದ್ರದ ಡಾಕ್ಟರು ಸಜ್ಜನರು, ಇಂಗ್ಲಿಷ್ ಕಾದಂಬರಿ ಓದುವವರು, ಯಾರ ಮನಸ್ಸನ್ನೂ ನೋಯಿಸದವರು. ಅಂಥವರಿಂದ ಆಗುವ ಅನ್ಯಾಯ ಎಷ್ಟು ಅಂತ ಅವತ್ತು ಕಲಿತೆ. ಮೇಜಿನ ಮೇಲೆ ನನ್ನ ಕೋಟು ಇತ್ತು. ಹನುಮಂತರಾಯರು ಆರೋಪ ಓದಿದರು.

"ಏನಿದು ಹಾಳೆ?" ಅಂತ ಡಾಕ್ಟರು ಕೇಳಿದರು.

"ಮ್ಯಾಕಿಂಟಾಷ್ ಸಾರ್."

ಡಾಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. "ರಾಯರೇ, ಇಂಗ್ಲಿಷಿನಲ್ಲಿ ಮ್ಯಾಕಿಂಟಾಷ್ ಅಂದ್ರೇನೇ ರೇನ್‌ಕೋಟ್ ಕಣ್ರೀ! ಈಯಮ್ಮ ಅದನ್ನ ಸರಿಯಾಗೇ ಉಪಯೋಗಿಸಿದ್ದಾಳೆ!"

"ದಾಖಲೆಯಲ್ಲಿ ಹಾಳೆ ಅಂತ ಇದೆ ಸಾರ್" ಅಂದರು ರಾಯರು, ಮುಖದ ಒಂದು ಗೆರೆಯೂ ಅಲುಗದೆ.

ಯಾಕೆ ಮಾಡಿದಿರಿ ಅಂತ ನನ್ನನ್ನು ಕೇಳಿದರು. ಜಯಾಳ ಮಗುವಿನ ವಿಷಯ ಹೇಳಿದೆ, ಚಪ್ಪರದ ಕೆಳಗೆ ನಿಂತದ್ದೂ ಸೇರಿಸಿ. ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಾಯರು ಪೆನ್ನಿನ ಮುಚ್ಚಳ ಹಾಕಿ, "ಇದು ಈ ವಿಚಾರಣೆಗೆ ಸಂಬಂಧಪಟ್ಟಿಲ್ಲ" ಅಂದರು.

ಆಮೇಲೆ ಕಮಲಾಬಾಯಿಯವರ ಸರದಿ. ಪ್ಯಾಂಟು, ಕೋಟು ಹಾಕಿದ್ದರಿಂದ ಕೇಂದ್ರದ ಘನತೆಗೆ ಕುಂದು ಬಂತು ಅಂತ ಅವರು ಹೇಳಬೇಕಿತ್ತು, ಅಷ್ಟೇ ಅವರ ಕೆಲಸ. ಅವರು ಮೇಜಿನ ಮೇಲಿನ ಕೋಟಿಗೆ ಕೈ ಚಾಚಿ, ಅಂಚಿನಲ್ಲಿದ್ದ ಕುಣಿಕೆಗೆ ಹೆಬ್ಬೆರಳು ತೂರಿಸಿ ನೋಡಿದರು.

"ಹೇಳಿ ಮೇಡಂ" ಅಂದರು ರಾಯರು.

"ರತ್ನ ಬಿದ್ದ ದಿನ ಬೀರುವಿನ ಕೀಲಿ ನನ್ನ ಸೊಂಟದಲ್ಲಿತ್ತು. ಅವಳು ಬಂದು ಕೇಳಿದ್ಲು. ನಾನು ಕೊಡಲಿಲ್ಲ. ಬರ್ಕೊಳ್ಳಿ."

"ಅದಲ್ಲ ಮೇಡಂ, ಸಮವಸ್ತ್ರದ ಬಗ್ಗೆ..."

"ಮೊದಲು ಇದನ್ನ ಬರ್ಕೊಳ್ಳಿ ರಾಯರೇ" ಅಂದರು. ದನಿ ಏರಿಸಲಿಲ್ಲ. ರಾಯರು ಡಾಕ್ಟರ ಮುಖ ನೋಡಿದರು, ಡಾಕ್ಟರು ಕಿಟಕಿ ನೋಡಿದರು. ಕೊನೆಗೆ ರಾಯರು ತಲೆ ಬಗ್ಗಿಸಿ ಏನೋ ಬರೆದುಕೊಂಡರು.

ತೀರ್ಪು ಬಂದದ್ದು ನನ್ನ ವಿರುದ್ಧವೇ. ಸೇವಾ ಪುಸ್ತಕದಲ್ಲಿ ಛೀಮಾರಿ. ಅಷ್ಟು ನಕ್ಕ ಡಾಕ್ಟರೇ ಸಹಿ ಹಾಕಿದ್ದರು. ಎದುರು ಸಿಕ್ಕಾಗ, "ಏನ್ ಮಾಡೋದು ಗಿರಿಜಾ, ನಿಯಮ" ಅಂದರು. ಕೋಟುಗಳನ್ನು ಸುಟ್ಟರು. ಅದಕ್ಕೆ ಮಾತ್ರ ಮೇಲಿನಿಂದ ಯಾರೂ ಬರಬೇಕಾಗಲಿಲ್ಲ. ನಾನು ರಹೀಂ ಸಾಬರ ಹತ್ತಿರ ಹೋಗಿ, ಆಟೋ ಟಾಪಿನ ಕಪ್ಪು ರೆಕ್ಸಿನ್ನಿನಲ್ಲಿ ಇನ್ನೊಂದು ಹೊಲಿಸಿಕೊಂಡು ಬಂದೆ. ಕಮಲಾಬಾಯಿ ಅದನ್ನು ದಿನಾ ನೋಡುತ್ತಿದ್ದರು. ನಿವೃತ್ತರಾಗುವವರೆಗೂ ನನ್ನ ಉಡುಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ರತ್ನನ ಕಿಟಕಿಯ ಮುಂದೆ ಹಾದುಹೋಗುವಾಗ ಮಾತ್ರ ಹೆಜ್ಜೆ ಬೇಗ ಬೇಗ ಹಾಕುತ್ತಿದ್ದರು.

ಎಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಹೊಲಗಳೆಲ್ಲ ಸೈಟುಗಳಾದವು. ಬಿ.ಟಿ.ಎಂ. ಲೇಔಟಿನಲ್ಲಿ ಕಲ್ಲು ನೆಟ್ಟು ರಸ್ತೆ ಎಳೆದರು. ಚೌಡಮ್ಮನ ಹಸುಗಳಿಗೆ ಮೇಯಲು ಜಾಗವಿಲ್ಲದೆ ಹೋಯಿತು. ಮನೆ ಹೆರಿಗೆಗಳು ಕಡಿಮೆಯಾಗಿ ಎಲ್ಲರೂ ಕೇಂದ್ರಕ್ಕೇ ಬರತೊಡಗಿದರು. ಆಗ ಒಂದು ದಿನ ನಮಗೂ, ಹೆಂಗಸರಿಗೂ, ರೇನ್‌ಕೋಟು ಬಂತು. ಬಿಚ್ಚಿ ನೋಡಿದರೆ ಗಂಡಸರದ್ದೇ, ಅದರಲ್ಲೂ ಆರಡಿ ಗಂಡಸಿನದ್ದು. ಹಾಕಿಕೊಂಡರೆ ಅಂಚು ಪಾದದ ಮೇಲೆ ಬೀಳುತ್ತಿತ್ತು, ಸೈಕಲ್ ಹತ್ತಿದರೆ ಸೀದಾ ಚೈನಿನೊಳಗೆ. ಹೊಸದಾಗಿ ಬಂದಿದ್ದ ಹುಡುಗಿಯರನ್ನೆಲ್ಲ ಕರೆದುಕೊಂಡು ತಿಲಕನಗರಕ್ಕೆ ಹೋಗಿ ಕತ್ತರಿಸಿ ಹೊಲಿಸಿದೆ. ಸರ್ಕಾರಿ ಸ್ವತ್ತನ್ನು ಕತ್ತರಿಸಿದ್ದು ನಾನೇ ಅಂತ ಮೊದಲೇ ಬರೆದು ಕಚೇರಿಗೆ ಕಳಿಸಿದೆ. ಆಗ ಹನುಮಂತರಾಯರು ಇರಲಿಲ್ಲ. ಯಾರೂ ಏನೂ ಕೇಳಲಿಲ್ಲ.

ನಿವೃತ್ತಿಯ ದಿನ ನನ್ನ ಕಡತವನ್ನು ನೋಡಬೇಕು ಅಂತ ಕೇಳಿದೆ. ಗುಮಾಸ್ತ ಹುಡುಗ ಒಳ್ಳೆಯವನು, ತಂದುಕೊಟ್ಟ. ವಿಚಾರಣೆಯ ಹಾಳೆಗಳು ಹಳದಿಯಾಗಿದ್ದವು. ಮ್ಯಾಕಿಂಟಾಷಿನ ಮಾತು ಅದರಲ್ಲಿ ಇರಲಿಲ್ಲ. ಸತ್ತ ಮಗು ಇರಲಿಲ್ಲ. ಕಮಲಾಬಾಯಿಯವರ ಹೆಸರಿನ ಮುಂದೆ ರಾಯರ ದುಂಡು ಅಕ್ಷರದಲ್ಲಿ ಒಂದೇ ಸಾಲು: 'ಮೇಲ್ವಿಚಾರಕಿಯವರು ಆರೋಪವನ್ನು ಸಮರ್ಥಿಸಿದರು.'

ರಾಯರು ಅವತ್ತು ತಲೆ ಬಗ್ಗಿಸಿ ಬರೆದುಕೊಂಡದ್ದು ಅದನ್ನು.

ನಾನು ಗುಮಾಸ್ತನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡೆ. ಆ ಸಾಲಿಗೆ ಅಡ್ಡಗೀಟು ಎಳೆದು, ಕಮಲಾಬಾಯಿ ನಿಜವಾಗಿ ಹೇಳಿದ್ದನ್ನು ಒಂದಕ್ಷರ ಬಿಡದೆ ಅದರ ಮೇಲೆ ಬರೆದೆ. ಕೆಳಗೆ ನನ್ನ ಹೆಸರು, ತಾರೀಕು ಹಾಕಿದೆ.

ಹುಡುಗ ಗಾಬರಿಯಾಗಿ ಎದ್ದು ನಿಂತ. "ಮೇಡಂ, ಏನ್ ಮಾಡ್ತಿದ್ದೀರಾ? ಫೈಲ್ ಮೇಲೆಲ್ಲ ಬರೆಯೋ ಹಾಗಿಲ್ಲ!"

"ಹೌದೇನಪ್ಪ? ಹಾಗಾದ್ರೆ ಒಂದು ಮೆಮೊ ಕೊಡು" ಅಂದೆ. "ಸಂಜೆ ಐದೂವರೆವರೆಗೂ ಇಲ್ಲೇ ಇರ್ತೀನಿ."